ಏಳು ಸಲ ಗಾಳಿಸಿದ ನೀರು

ಶಹಾಪುರ, ಜುಲೈ ೧೪, ಸೋಮವಾರ

ಇವತ್ತೂ ಕುಡಿಯುವ ನೀರನ್ನು ಏಳು ಸಲ ಬಟ್ಟೆಯಲ್ಲಿ ಗಾಳಿಸಿದೆ. ನೀರಿನೊಳಗಿನ ಸಣ್ಣ ಜೀವಿಗಳಿಗೆ ಹಿಂಸೆ ಆಗದಿರಲು ನಮ್ಮ ಜೈನರ ಮನೆಯಲ್ಲಿ ಒಂದು ಸಲ ಗಾಳಿಸಿದರೆ ಸಾಕು. ಮಗಳು ಶರ್ವರಿ ವಾಂತಿಭೇದಿಯಲ್ಲಿ ಹೋದ ಮೇಲೆ ನನಗೆ ಸಾಲುತ್ತಿಲ್ಲ. ಅವತ್ತು ಅವಸರದಲ್ಲಿ ಗಾಳಿಸದ ನೀರು ಕುಡಿಸಿದವಳು ನಾನೇ.

"ಹುಚ್ಚ ಹಿಡದೈತೇನ ನಿನಗ?" ಎಂದು ನನ್ನ ಗಂಡ ಉತ್ತಮನು ಕೊಡ ಕಸಿದುಕೊಂಡ. ನಾನು ಬಟ್ಟೆ ಬಿಡಲಿಲ್ಲ.

ಅತ್ತೆ ಸೋನಾಬಾಯಿ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದರು.

"ಹುಚ್ಚಲ್ಲೋ ಇದು. ಕೈ ಸುಮ್ನಿದ್ರ ಎದಿ ಒಡೀತೈತಿ. ನಾನೂ ದಿನಾ ನಸುಕಿನ್ಯಾಗ ಎದ್ದು ಗಾಳಸ್ತೀನಿ. ಸುರಿ."

ಎಂಟನೆಯ ಸಲ ಅವನೇ ಸುರಿದ. ಬಟ್ಟೆಯಲ್ಲಿ ಏನೂ ಉಳಿಯಲಿಲ್ಲ. ಒಂದು ಕಸವಾದರೂ ಸಿಗಬಾರದೇ, ನನ್ನ ಮಗಳನ್ನು ಒಯ್ದದ್ದು ಇದೇ ಎನ್ನಲು?