ಐದು ಯಾಕೆ ಅಷ್ಟು ಸಲ ಬಿತ್ತು?

ಶನಿವಾರ ಮಧ್ಯಾಹ್ನ
ಸ್ಟಾಫ್ ರೂಮಿನಿಂದ

ಪ್ರೀತಿಯ ಅಕ್ಕ,

ನಿನ್ನ ಮಗಳು ಈ ವಾರವೆಲ್ಲ ಮುಖ ಊದಿಸಿಕೊಂಡು ಓಡಾಡುತ್ತಿರಬೇಕು. ಕಾರಣವನ್ನು ಅರ್ಧ ಹೇಳಿರುತ್ತಾಳೆ, ಉಳಿದರ್ಧ ನಾನು ಬರೆದು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಅಮ್ಮನ ಮನೆ ಖಾಲಿ ಮಾಡಿ ಸಾಮಾನು ಹಂಚಿಕೊಂಡ ಮೇಲೆ ನಮ್ಮ ಫೋನು ‘ಹೂಂ, ಇಡ್ತೀನಿ’ ಎಂಬುದರಾಚೆ ಹೋಗುತ್ತಿಲ್ಲವಲ್ಲ.

ನನ್ನ ಪ್ರೋಗ್ರಾಮಿಂಗ್ ತರಗತಿಗೆ ಒಂದು ಅಸೈನ್‌ಮೆಂಟ್ ಕೊಟ್ಟಿದ್ದೆ. ಕಂಪ್ಯೂಟರಿನೊಳಗೇ ಆರುನೂರು ಸಲ ದಾಳ ಎಸೆಯುವ ಪ್ರೋಗ್ರಾಂ ಬರೆಯಬೇಕು, ಯಾವ ಮುಖ ಎಷ್ಟು ಸಲ ಬಿತ್ತೆಂದು ತೋರಿಸಬೇಕು. ಹೋದ ವರ್ಷ ಅರ್ಧ ಕ್ಲಾಸು ಏನನ್ನೂ ಓಡಿಸದೆ ಬಾಯಿಗೆ ಬಂದ ಅಂಕಿ ಬರೆದುಕೊಟ್ಟಿತ್ತು. ಅದಕ್ಕೇ ಈ ಸಲ ಒಂದು ಉಪಾಯ ಹೂಡಿದೆ. ಕಂಪ್ಯೂಟರಿನ ದಾಳ ನಿಜವಾದ ದಾಳವಲ್ಲ ಅಕ್ಕ. ಒಂದೇ ಆರಂಭದ ಸಂಖ್ಯೆ ಕೊಟ್ಟರೆ ಎಷ್ಟು ಸಲ ಓಡಿಸಿದರೂ ಅದೇ ಸಾಲನ್ನು ಉದುರಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಆರಂಭದ ಸಂಖ್ಯೆ ಕೊಟ್ಟೆ. ಅವರು ತಂದ ಉತ್ತರ ನನ್ನ ಯಂತ್ರದ ಉತ್ತರಕ್ಕೆ ಅಂಕಿಗೆ ಅಂಕಿ ಹೊಂದಬೇಕು. ಹೊಂದದಿದ್ದರೆ ಸೊನ್ನೆ, ಪರೀಕ್ಷೆಗೂ ಕೂರುವಂತಿಲ್ಲ. ಈ ನಿಯಮ ನನ್ನದೇ. ಬರೆದಾಗ ನನ್ನ ಜಾಣತನಕ್ಕೆ ನಾನೇ ಸ್ವಲ್ಪ ಹಿಗ್ಗಿದ್ದೆನೇನೋ.

ಹೊಂದದೆ ಉಳಿದದ್ದು ಒಂದೇ ಒಂದು. ನಿನ್ನ ಮಗಳದು, ಬಾಯಿ ನಿಲ್ಲದ ನಮ್ಮ ಪಿಟೀಲಿನದು.

ಅವಳ ಪ್ರೋಗ್ರಾಂ ತೆರೆದು ನೋಡಿದೆ. ಅದು ದಾಳ ಎಸೆಯುತ್ತಲೇ ಇರಲಿಲ್ಲ. ಮೊದಲೇ ತುಂಬಿಟ್ಟ ಆರು ಅಂಕಿಗಳನ್ನು ಪರದೆಯ ಮೇಲೆ ತೋರಿಸಿ ಸುಮ್ಮನಾಗುತ್ತಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಅಂಕಿಗಳು ನನ್ನನ್ನು ಬಿಡಲಿಲ್ಲ. ಸುಳ್ಳು ಬರೆಯುವವರು ಅನುಮಾನ ಬರದಿರಲೆಂದು ಎಲ್ಲವನ್ನೂ ನೂರರ ಆಸುಪಾಸಿಗೆ ತಂದಿಡುತ್ತಾರೆ. ಇವಳಲ್ಲಿ ಐದೊಂದೇ ನೂರಮೂವತ್ತನ್ನು ದಾಟಿತ್ತು. ಇಷ್ಟು ಎದ್ದು ಕಾಣುವ ಸುಳ್ಳನ್ನು ಯಾರಾದರೂ ಯಾಕೆ ಹೇಳುತ್ತಾರೆ?

ಕರೆಸಿ ಕೇಳಿದೆ. ಲೂಪ್ ನಿಲ್ತಾನೇ ಇರ್ಲಿಲ್ಲ ಮೇಡಂ, ಸುತ್ತಿದ್ದೇ ಸುತ್ತಿದ್ದು ಅಂದಳು. ಹಾಗಾದ್ರೆ ಅಂಕಿ ಎಲ್ಲಿಂದ ಬಂತು ಅಂದೆ. ಎಸೆದ್ವಿ ಅಂದಳು. ಏನನ್ನ? ದಾಳಾನ. ಯಾರು? ಅಮ್ಮ ಎಸೆದ್ರು, ನಾನು ಬರ್ಕೊಂಡೆ, ಒಂದೂ ಸುಳ್ಳಲ್ಲ ಚಿಕ್ಕಮ್ಮ!

ನಾನು ಅವಳ ಚಿಕ್ಕಮ್ಮ ಎಂಬುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮೇಜಿನ ನಮ್ಮ ವಿಭಾಗದ ಮುಖ್ಯಸ್ಥರು ಕನ್ನಡಕ ಇಳಿಸಿ ನೋಡಿದರು. ಅಮ್ಮಂಗೆ ಏನಂತ ಹೇಳಿದ್ದೆ ಎಂದು ಕೇಳಿದೆ. ಕಾಲೇಜಲ್ಲಿ ದಾಳ ಎಸೆಯೋ ಹೋಂವರ್ಕ್ ಕೊಟ್ಟಿದಾರೆ ಅಂದೆ, ನಿಮ್ಮ ಚಿಕ್ಕಮ್ಮಂಗೆ ಮಾಡಕ್ಕೆ ಬೇರೆ ಕೆಲಸ ಇಲ್ವಾ ಅಂತ ಬೈಕೊಂಡೇ ಎಸೆದ್ರು ಅಂದಳು. ಮುಖ್ಯಸ್ಥರು ನಕ್ಕುಬಿಟ್ಟರು. ಮೋಸ ಮಾಡಕ್ಕೂ ಇಷ್ಟು ಮೈಮುರಿದು ದುಡಿಯೋರನ್ನ ನಾನು ನೋಡೇ ಇಲ್ಲ ಮೇಡಂ ಅಂದರು. ಆ ದಾಳ ತಂದು ತೋರಿಸು ಅಂದದ್ದಕ್ಕೆ, ಅಮ್ಮ ಅದನ್ನ ಮನೆಯಿಂದಾಚೆ ಬಿಡಲ್ಲ ಎಂದವಳು ತುಟಿ ಕಚ್ಚಿಕೊಂಡಳು.

ಅಂದಿನಿಂದ ಯೋಚಿಸುತ್ತಿದ್ದೇನೆ. ಪ್ರೋಗ್ರಾಂ ಸುಳ್ಳು, ಅಂಕಿಗಳು ನಿಜ. ಇದನ್ನು ಏನೆನ್ನಲಿ? ಲಕ್ಷ ಸಲ ಎಸೆಯಿರಿ ಎಂದಿದ್ದರೆ ಕೈಯಲ್ಲಿ ಎಸೆಯುವ ಯೋಚನೆಯೇ ಅವಳಿಗೆ ಬರುತ್ತಿರಲಿಲ್ಲ, ನಿನ್ನ ಕೈಗೂ ಬಿಡುವಿರುತ್ತಿತ್ತು. ಅವಳು ‘ಚಿಕ್ಕಮ್ಮ’ ಎನ್ನದೆ ಹೋಗಿದ್ದರೆ ನಾನಾಗಿ ಸಂಬಂಧ ಹೇಳುತ್ತಿದ್ದೆನೋ ಇಲ್ಲವೋ. ತೀರ್ಮಾನವನ್ನು ಮುಖ್ಯಸ್ಥರಿಗೇ ಬಿಟ್ಟೆ. ಅವರು ಅವಳನ್ನು ಎದುರಿಗೆ ಕೂರಿಸಿ ಪ್ರೋಗ್ರಾಂ ಸರಿಮಾಡು ಅಂದರು. ಪಿಟೀಲು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಹೋದಳು. ಎಸೆದದ್ದನ್ನು ಎಣಿಸುತ್ತಾ ಹೋಗುವ ಒಂದು ಸಾಲನ್ನೇ ಬರೆದಿರಲಿಲ್ಲ, ಅದಕ್ಕೇ ಆರುನೂರಾದದ್ದು ತಿಳಿಯದೆ ಲೂಪ್ ಮತ್ತೆ ಮತ್ತೆ ಎಸೆಯುತ್ತಾ ಸುತ್ತುತ್ತಲೇ ಇತ್ತು. ತಾನೇ ಹುಡುಕಿದಳು. ಉತ್ತರ ನನ್ನ ಯಂತ್ರದ್ದಕ್ಕೆ ಸರಿಯಾಗಿ ಹೊಂದಿತು.

ಪರೀಕ್ಷೆಗೆ ಕೂರುತ್ತಾಳೆ. ಅಸೈನ್‌ಮೆಂಟಿನ ಸೊನ್ನೆ ಮಾತ್ರ ಹಾಗೇ ಇರುತ್ತದೆ, ಅದಕ್ಕೆ ನನ್ನನ್ನು ಬೈಯಬೇಕೆನಿಸಿದರೆ ಬೈಯಿ. ಮುಂದಿನ ಸಲದಿಂದ ಎಲ್ಲರೂ ನನ್ನೆದುರೇ ಕೂತು ಪ್ರೋಗ್ರಾಮಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ಓಡಿಸಬೇಕು. ಎಂಟು ಮುಖದ ದಾಳ ಕೊಡೋಣ ಎಂದುಕೊಂಡಿದ್ದೇನೆ. ಅದು ನಿಮ್ಮ ಮನೆಯಲ್ಲಿ ಇರಲಾರದು.

ನಿನ್ನ ತಂಗಿ,
‘ಮೇಡಂ’

ಮರೆತಿದ್ದೆ: ಅಮ್ಮನ ಮನೆಯ ಹಾವು-ಏಣಿ ಹಲಗೆ ನನ್ನ ಪಾಲಿಗೆ ಬಂದಾಗ ದಾಳ ಸಿಕ್ಕಿರಲಿಲ್ಲ. ನಾನೆಷ್ಟು ಕೇಳಿದರೂ ನೀನು ‘ನಾನು ನೋಡೇ ಇಲ್ಲ’ ಅಂದಿದ್ದೆ. ಆ ದಾಳದ ಐದು ಚುಕ್ಕಿಯ ಬದಿಯಲ್ಲಿ ಚಕ್ಕೆ ಎದ್ದಿತ್ತು, ಐದೇ ಹೆಚ್ಚು ಬೀಳುತ್ತಿತ್ತು, ಬಿದ್ದಾಗಲೆಲ್ಲ ನೀನು ಏಣಿ ಹತ್ತುತ್ತಿದ್ದೆ. ವಾಪಸ್ ಕಳಿಸಬೇಡ. ನಾಳೆ ನೀನೇ ತಗೊಂಡು ಬಾ, ಹಲಗೆ ಹಾಸಿಟ್ಟಿರುತ್ತೇನೆ. ಮೊದಲ ಎಸೆತ ನನ್ನದು.