ದೀಪ ಹೊತ್ತಿಸಿದ ಮೇಲೆ ಕರೆಂಟ್

ನವೆಂಬರ್ 4, ಮಂಗಳವಾರ

ಮಂಗಳೂರಿನಿಂದ ಬರುವಾಗ ಮೂರು ಗಂಟೆ. ಅಣ್ಣನಿಗೆ ಗಂಜಿ ಕೊಟ್ಟು ಮಲಗಿಸಿದೆ. ಡಯಾಲಿಸಿಸ್ ಆದ ದಿನ ಮಾತು ಕಡಿಮೆ, ಕೈ ತಣ್ಣಗೆ.

ಪ್ರವೀತ್ ತನ್ನ ಕರೆಂಟ್ ಕಾರನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿ ವಯರ್ ಸಿಕ್ಕಿಸಿ ಹೋದ. ಅವನ ಮನೆ ಗದ್ದೆಯಾಚೆ, ಕಾರು ಹೋಗುವ ದಾರಿ ಇಲ್ಲ. ಬಾಡಿಗೆ ಮುಗಿಸಿ ಬಂದು ರಾತ್ರಿಯಿಡೀ ನಮ್ಮಲ್ಲೇ ಚಾರ್ಜ್. ಅದಕ್ಕೆ ಬದಲು ಮಂಗಳವಾರ, ಶನಿವಾರ ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ದೇವರು ಕೊಟ್ಟ ನೆರೆಯವನು.

ನಾಳೆ ಶಾಲೆಯ ಅಡುಗೆಗೆ ಬೇಗ ಹೋಗಬೇಕು. ಕಡಲೆ ಇಲ್ಲೇ ನೆನೆಹಾಕಿಟ್ಟಿದ್ದೇನೆ.

ನವೆಂಬರ್ 6, ಗುರುವಾರ

ಅಣ್ಣ ಇವತ್ತು ಜಗಲಿಯಲ್ಲಿ ಕೂತರು. ಪ್ರವೀತ್ ವಯರ್ ಸಿಕ್ಕಿಸುವುದನ್ನೇ ನೋಡುತ್ತಿದ್ದರು. ಆಮೇಲೆ ಮಾತು ಹೊರಟಿತು... ಎಷ್ಟೋ ದಿನಗಳ ಮೇಲೆ.

ಅಣ್ಣ ತಿರುವನಂತಪುರದ ರಾಕೆಟ್ ಸೆಂಟರಿನಲ್ಲಿ ಬ್ಯಾಟರಿ ತುಂಬಿಸುವ ಕೆಲಸದಲ್ಲಿದ್ದವರು. ಆ ಕಾಲದ್ದು ಬೆಳ್ಳಿ ಮತ್ತು ಸತುವಿನ ಬ್ಯಾಟರಿ. ಬೆಳ್ಳಿ ಎಂದರೆ ನಿಜವಾದ ಬೆಳ್ಳಿ. ಒಣಗಿಸಿಯೇ ಇಡುವುದಂತೆ. ರಾಕೆಟ್ ಹಾರುವ ಸಮಯ ಹತ್ತಿರ ಬಂದಾಗ ಮಾತ್ರ ಒಳಗೆ ಕ್ಷಾರದ ನೀರು ತುಂಬಿಸುವುದು. ತುಂಬಿಸಿದ ಗಳಿಗೆಯಿಂದ ಅದರ ಆಯಸ್ಸು ಇಳಿಯತೊಡಗುತ್ತದೆ. ಹಗುರ, ಶಕ್ತಿ ಬಹಳ, ಬಾಳಿಕೆ ಇಲ್ಲ. ಆ ನೀರಿನ ಒಂದು ಹನಿ ಬಿದ್ದ ಕಲೆ ಇನ್ನೂ ಮಣಿಕಟ್ಟಿನಲ್ಲಿ ಉಂಟು.

ಪ್ರವೀತನದ್ದು ಲಿಥಿಯಂ. ಸಾವಿರಗಟ್ಟಲೆ ಸಲ ತುಂಬಿಸಬಹುದು ಎಂದ, ಎದೆ ಉಬ್ಬಿಸಿ.

"ನಿನ್ನದು ಪೈವಳಿಕೆ ಏರು ಹತ್ತುವಾಗ ಅರ್ಧ ಖಾಲಿ, ಮಾರಾಯ. ನಮ್ಮದು ಆಕಾಶಕ್ಕೆ ಹೋದದ್ದು."

"ಹೋದದ್ದು ವಾಪಸ್ ಬಂತಾ, ಚೆನ್ನಯ್ಯಣ್ಣ? ನನ್ನದು ದಿನಾ ಮನೆಗೆ ಬರುತ್ತದೆ."

ಅಣ್ಣ ನಕ್ಕರು. ಕೆಮ್ಮು ಬರುವವರೆಗೆ.

ನನಗೆ ಬೆಳ್ಳಿ ಎಂದರೆ ದೇವರ ಮುಂದಿನ ತಟ್ಟೆ, ಹರಕೆಗೆ ಒಪ್ಪಿಸುವ ಆಳುರೂಪ, ಮನುಷ್ಯನ ಪುಟ್ಟ ಗೊಂಬೆ. ಅಣ್ಣನ ಹೆಸರಿನಲ್ಲಿ ಒಂದು ಹೇಳಿಕೊಂಡಿದ್ದೇನೆ. ಅವರಿಗೆ ಹೇಳಿಲ್ಲ.

ನವೆಂಬರ್ 7, ಶುಕ್ರವಾರ

ಬಾಡಿಗೆಯವರು ಬರಬೇಕಿದ್ದ ರೈಲು ಮಂಜೇಶ್ವರಕ್ಕೆ ತಡವಾಗಿ ಬಂತಂತೆ. ಪ್ರವೀತ್ ಬರುವಾಗ ನಾನು ದೀಪ ಹೊತ್ತಿಸಿ ಆಗಿತ್ತು. ವಯರ್ ಕೈಯಲ್ಲಿ ಹಿಡಿದು ನಿಂತ.

ಶುಕ್ರವಾರ ದೀಪ ಇಟ್ಟ ಮೇಲೆ ಬೆಂಕಿ, ಉಪ್ಪು, ಮೊಸರು ಮನೆಯಿಂದ ಹೊರಗೆ ಕೊಡುವ ಕ್ರಮ ಇಲ್ಲ. ಅಮ್ಮ ಕೊಟ್ಟವಳಲ್ಲ, ನಾನೂ ಕೊಟ್ಟಿಲ್ಲ. ಕರೆಂಟ್ ಮತ್ತೆಂತ, ಬೆಂಕಿಯೇ ಅಲ್ಲವಾ? ಬೆಳಿಗ್ಗೆ ಬೇಗ ಬಂದು ಹಾಕು ಎಂದೆ. ಅವನು ವಯರ್ ಸುತ್ತಿಟ್ಟು ಹೋದ.

ಅಣ್ಣ ಒಳಗಿನಿಂದ ಎಲ್ಲ ಕೇಳಿಸಿಕೊಂಡರು.

ನವೆಂಬರ್ 8, ಶನಿವಾರ. ಬೆಳಿಗ್ಗೆ

ಹೋಗಲಿಲ್ಲ.

ಪ್ರವೀತ್ ಕತ್ತಲಿರುವಾಗಲೇ ಬಂದು ಹಾಕಿದ್ದ. ಸಾಲಲಿಲ್ಲ. ಮೊಬೈಲಿನ ಹಾಗೆ ಸ್ವಲ್ಪ ಹೊತ್ತಿನಲ್ಲಿ ತುಂಬುತ್ತದೆ ಎಂದೇ ನಾನು ತಿಳಿದದ್ದು. ಈ ಪ್ಲಗ್ಗಿನಲ್ಲಿ ಇಡೀ ರಾತ್ರಿ ಬೇಕಂತೆ. ದಾರಿಯಲ್ಲಿ ಬೇಗ ತುಂಬಿಸುವ ಜಾಗ ಉಂಟು, ಅಲ್ಲಿಯವರೆಗೆ ಹೋಗುತ್ತದೆ ಎಂದ. ಬೇರೆ ಕಾರು ಕರೆಯುತ್ತೇನೆ ಎಂದೂ ಹೇಳಿದ.

ಅಣ್ಣ ಹಾಕಿದ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದರು.

"ಬೇಡ. ನಾನು ಆ ಕಾಲದ ಬ್ಯಾಟರಿ, ಲೋಲಾ. ತುಂಬಿಸಿ ತುಂಬಿಸಿ ಓಡಿಸುವಂಥದ್ದಲ್ಲ."

ಆಗ ಗೊತ್ತಾಯಿತು. ಇವರು ಡಯಾಲಿಸಿಸ್ ಬಿಡಲು ಕಾರಣ ಹುಡುಕುತ್ತಿದ್ದರು. ಅದನ್ನು ಕೈಗೆ ಕೊಟ್ಟವಳು ನಾನು.

ನವೆಂಬರ್ 11, ಮಂಗಳವಾರ

ಕಾರಿನ ಚಾರ್ಜ್ ಫುಲ್ ಇತ್ತು. ಅಣ್ಣ ಏಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಆಸ್ಪತ್ರೆಯಿಂದ ಫೋನ್ ಬಂತು — ಎಂತ ಹೇಳುವುದು? ನಾಳೆ ಹೇಳುತ್ತೇನೆ ಎಂದೆ. ಅವರ ಕಾಲು ಬಾತಿದೆ. ಒತ್ತಿದರೆ ಬೆರಳಿನ ಗುಂಡಿ ಹಾಗೆಯೇ ಉಳಿಯುತ್ತದೆ.

ನವೆಂಬರ್ 13, ಗುರುವಾರ

ಅಣ್ಣನಿಗೆ ಮಲಗಲು ಆಗುವುದಿಲ್ಲ, ದಿಂಬಿಗೆ ಒರಗಿ ಕೂತೇ ಇರುವುದು. ಪ್ರವೀತ್ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದ. ಹೋಗುವ ಎಂದು ಅವನೂ ಕೇಳಿದ, ಅಣ್ಣ ಬೇಡವೆಂದು ತಲೆಯಾಡಿಸಿದರು, ಅಷ್ಟೆ.

ಸಂಜೆ ನಾನು ಕೇಳಿದೆ — ಬ್ಯಾಟರಿ ತುಂಬಿಸಿ ಆದ ಮೇಲೆ ರಾಕೆಟ್ ಹೋಗುವುದು ಮುಂದಕ್ಕೆ ಬಿದ್ದರೆ ಎಂತ ಮಾಡುತ್ತಿದ್ದಿರಿ? ಎಸೆಯುತ್ತಿದ್ದಿರಾ?

ಉಸಿರು ಸಿಕ್ಕಿ ಸಿಕ್ಕಿ ಹೇಳಿದರು. ಎಸೆಯುವುದಿಲ್ಲ. ಬೆಳ್ಳಿಯಲ್ಲವಾ. ಪರೀಕ್ಷೆ ಮಾಡಿ ಮತ್ತೆ ಚಾರ್ಜ್ ಮಾಡುವುದು ಇತ್ತು. ಬಹಳ ಸಲ ಆಗುವುದಿಲ್ಲ, ಕೆಲವು ಸಲ.

"ಹಾಗಾದರೆ ಆ ಕೆಲವು ಸಲ ಮುಗಿಯಿತು ಅಂತ ನಿಮಗೆ ಯಾರು ಹೇಳಿದ್ದು? ಪರೀಕ್ಷೆ ಮಾಡಿದ್ದು ಯಾರು?"

ಅಣ್ಣ ಮಣಿಕಟ್ಟಿನ ಕಲೆಯನ್ನು ಉಜ್ಜುತ್ತಾ ಕೂತರು. ಕೊಂಡುಹೋಗುವುದಾದರೆ ದೇವರು ಕೊಂಡುಹೋಗಲಿ. ಇವರಾಗಿ ಹೊರಟು ನಿಲ್ಲುವುದು ಬೇಡ.

ನವೆಂಬರ್ 14, ಶುಕ್ರವಾರ

ಮಕ್ಕಳ ದಿನ. ಶಾಲೆಯಲ್ಲಿ ಪಾಯಸ. ಬಡಿಸುವಾಗಲೂ ಮನಸ್ಸು ಮನೆಯಲ್ಲೇ.

ದೀಪ ಹೊತ್ತಿಸಿ ಹೊರಗೆ ಬಂದೆ. ಪ್ರವೀತ್ ಬಂದಿದ್ದ. ಇವತ್ತೂ ತಡ. ಕಾರನ್ನು ಅಂಗಳಕ್ಕೆ ತರದೆ ಗೇಟಿನಾಚೆ ನಿಲ್ಲಿಸಿಕೊಂಡಿದ್ದ. ಇಳಿಯಲಿಲ್ಲ, ಕೇಳಲಿಲ್ಲ. ನನ್ನ ಕ್ರಮ ಅವನಿಗೆ ಗೊತ್ತು.

ಗೇಟು ತೆಗೆದೆ. ಒಳಗೆ ತಾ ಎಂದೆ. ಡಿಕ್ಕಿಯಿಂದ ವಯರ್ ಎಳೆದು ನಾನೇ ಪ್ಲಗ್ಗಿಗೆ ಸಿಕ್ಕಿಸಿದೆ. ಇನ್ನೊಂದು ತುದಿ ಕಾರಿಗೆ ಹಾಕುವುದು ಹೇಗೆಂದು ತಿಳಿಯಲಿಲ್ಲ, ಅವನು ಹಾಕಿದ. ಹಸಿರು ಲೈಟು ಬಂತು. ಅಮ್ಮನ ನೆನಪಾಯಿತು.

ಕಿಟಕಿಯಿಂದ ಅಣ್ಣ ನೋಡುತ್ತಿದ್ದರು.

"ಲೋಲಾ, ಇವತ್ತು ಶುಕ್ರವಾರ."

"ಗೊತ್ತುಂಟು."

"ದೀಪ ಇಟ್ಟಾಯಿತಲ್ಲ."

"ಇಟ್ಟಾಯಿತು."

ನಾನು ಒಳಗೆ ಹೋಗಿ ದೇವರ ಮುಂದೆ ಕೂತೆ. ತಪ್ಪಾದರೆ ನನ್ನ ತಲೆಯ ಮೇಲಿರಲಿ, ಈ ಮನೆಯ ಮೇಲೆ ಬೇಡ ಎಂದೆ.

ಆಮೇಲೆ ಅಣ್ಣ ಕೇಳಿದರು, "ನಾಳೆ ಎಷ್ಟು ಗಂಟೆಗೆ ಹೊರಡುವುದು?"

ಐದೂವರೆಗೆ ಎಂದೆ. ಬಿಳಿ ಅಂಗಿ ಬೇಕಂತೆ, ಸೂಜಿ ಹಾಕಲು ತೋಳು ಸಡಿಲ ಇರುವುದು. ಅದು ಒಗೆದದ್ದು ಇನ್ನೂ ಪೂರ್ತಿ ಒಣಗಿಲ್ಲ, ಇಸ್ತ್ರಿ ಹಾಕಿ ನೋಡಬೇಕು.