ಎರಡನೇ ಮಹಡಿಯ ಬೆಂಚು

10-7-2008, ಗುರುವಾರ

ಮತ್ತೆ ಕೆಂಗೇರಿ. ಟ್ರೇನಿಂಗ್‌ನ ಕೊನೆಯ ದಿನ. ಬಸ್ಸಿನಲ್ಲಿ ಸೀಟಿಲ್ಲ, ವಿಜಯನಗರದಿಂದ ಕಂಬಿ ಹಿಡಿದೇ ನಿಂತದ್ದು. ವಿಷಯ: ಸಂಶೋಧನೆಯಲ್ಲಿ ನೀತಿ ಮತ್ತು ಪ್ರಾಮಾಣಿಕತೆ. ನಮ್ಮಂಥ ಆಫೀಸಿನವರಿಗೆ ಮಾತ್ರ. ಡಾಕ್ಟರುಗಳಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ ಅಂತ ಕಾಣುತ್ತದೆ.

ಪಾಠ ಹೇಳುವವರು ಚನ್ನವೀರಪ್ಪ, ರಿಟೈರ್ಡ್ ಪ್ರೊಫೆಸರ್. ಮಧ್ಯಾಹ್ನ ನಾಟಕ ಆಡಿಸಿದರು. ಒಬ್ಬರು ಡಾಕ್ಟರ್, ಒಬ್ಬರು ರೋಗಿ. ನಾನು ರೋಗಿ. ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರಿ ಅಂತ ಡಾಕ್ಟರ್ ಕೇಳಬೇಕು, ನಾನು ಬೇಡ ಅನ್ನಬೇಕು. ಪಾರ್ಟು ಇಷ್ಟೇ. ಎದುರಿನವರು ಬಿಳಿ ಕೋಟು ಹಾಕಿಕೊಂಡು "ಸೇರ್ತೀರೇನಮ್ಮಾ?" ಅಂದರು. ನನ್ನ ಬಾಯಿಂದ ಬಂದದ್ದು — "ಸರಿ ಸಾರ್."

ಎಲ್ಲರೂ ನಕ್ಕರು. ಇನ್ನೊಂದು ಸಲ ಆಡಿಸಿದರು. ಆಗಲೂ ಅದೇ. ಚನ್ನವೀರಪ್ಪನವರು ಮಾತ್ರ ನಗಲಿಲ್ಲ. "ನೋಡಿ, ಹೇಳಿಕೊಟ್ಟ 'ಬೇಡ' ಕೂಡ ಬರ್ಲಿಲ್ಲ ಇವ್ರ ಬಾಯಲ್ಲಿ. ಇನ್ನು ಕಾಯಿಲೆಯವರ ಗತಿ ಏನು?" ಅಂದರು.

ಅವಮಾನವಾಯಿತು. ಇಷ್ಟು ವರ್ಷ ಆಫೀಸು ನಡೆಸಿದವಳು ನಾನು.

14-7-2008

ಬಸವೇಶ್ವರನಗರ. ನಮ್ಮ ರಿಸರ್ಚ್ ಸೆಂಟರ್. ಕಲಿತ ಬಿಸಿಯಲ್ಲೇ ಆತ್ರೇಯ ಸಾರ್ ಹತ್ತಿರ ಹೋದೆ. ಪ್ರಯೋಗಗಳೆಲ್ಲ ಅವರ ಕೈಯಲ್ಲೇ ಇರುವುದು.

ಹೇಳಿದ್ದು ಪಾರವ್ವನ ವಿಷಯ. ಎರಡನೇ ಮಹಡಿ ಗುಡಿಸುವವಳು, ಬಾದಾಮಿ ಕಡೆಯವಳು. ಓದು ಬಾರದ ರೋಗಿ ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದರೆ ಪಕ್ಕದಲ್ಲಿ ಒಬ್ಬ ಸಾಕ್ಷಿ ಇರಬೇಕು. ಹೊರಗಿನವರಾಗಿರಬೇಕು, ಎಲ್ಲ ಹೇಳುವಾಗ ಕೋಣೆಯಲ್ಲೇ ಕೂತಿರಬೇಕು. ನಮ್ಮಲ್ಲಿ ಮೊದಲಿನಿಂದಲೂ ಪಾರವ್ವನೇ ಸಾಕ್ಷಿ. ಅವಳಿಗೆ ತನ್ನ ಹೆಸರು ಬರೆಯಲು ಬರುತ್ತದೆ, ಯಾವಾಗಲೂ ಕೈಗೆ ಸಿಗುತ್ತಾಳೆ. ಕಾಗದ ಕಾರಿಡಾರಿಗೇ ಬರುತ್ತದೆ. ಬಕೆಟ್ ಬದಿಗಿಟ್ಟು, ಕೈ ಸೆರಗಿಗೆ ಒರೆಸಿ, ಸೈನ್ ಹಾಕುತ್ತಾಳೆ. 'ಸಾಕ್ಷಿ ಪಾರವ್ವ' ಅಂತಲೇ ಹೆಸರು ಬಿದ್ದಿದೆ. ಆ ಹೆಸರಿಟ್ಟವಳು ನಾನೇ ಇರಬೇಕು.

"ಅದೆಲ್ಲ ಪುಸ್ತಕದಲ್ಲಿ ಮೇಡಂ. ಇಲ್ಲಿ ಹೊರಗಿನವ್ರನ್ನ ಎಲ್ಲಿಂದ ಕರ್ಕೊಂಡ್ ಬರೋದು? ನೋಡೋಣ" ಅಂದರು ಸಾರ್. ಕಾಫಿ ಕೊಡಿಸಿದರು.

21-7-2008

ದುರ್ಗವ್ವ ಅನ್ನುವವರು ತೀರಿಕೊಂಡಿದ್ದಾರೆ. ಸಕ್ಕರೆ ಕಾಯಿಲೆಯ ಹೊಸ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ಹೆಗ್ಗನಹಳ್ಳಿಯಲ್ಲಿ ಮನೆ. ಅನ್ನಕ್ಕಿಟ್ಟು ಅಲ್ಲೇ ಕುಸಿದರಂತೆ. ಮಾತ್ರೆಯಿಂದಲೋ, ಬೇರೆಯದರಿಂದಲೋ, ಯಾರಿಗೂ ಗೊತ್ತಿಲ್ಲ.

ಗಂಡ ಬಾಳೇಶ ಬಂದಿದ್ದ. ಡಾಕ್ಟರನ್ನು ಕೇಳಲಿಲ್ಲ. ಎರಡನೇ ಮಹಡಿಯ ಬೆಂಚಿನ ಮೇಲೆ ಕೂತು ಪಾರವ್ವನನ್ನು ಕೇಳಿದ. "ಯವ್ವಾ, ನೀ ಸಾಕ್ಷಿ ಅಲ್ಲೇನು? ಒಳಗ ಏನ ಹೇಳಿದ್ರು ಆಕೀಗೆ? ನೀನ ಹೇಳಬೇಕು."

ಪಾರವ್ವ ಒರೆಸುವ ಕೋಲು ಹಿಡಿದು ನಿಂತೇ ಇದ್ದಳು. ನಾವು ಸಾಕ್ಷಿ ಅಂದರೆ ಒಂದು ಸೈನ್ ಅಂದುಕೊಂಡಿದ್ದೆವು. ಅವರ ಊರಲ್ಲಿ ಸಾಕ್ಷಿ ಅಂದರೆ ಉತ್ತರ ಕೊಡಬೇಕಾದವರು.

24-7-2008

ಮಾತ್ರೆ ಕಂಪನಿಯಿಂದ ಫೋನ್. ವಿಚಾರಣೆಗೆ ಮೂವರು ಬರುತ್ತಾರೆ, ಆಗಸ್ಟ್ ಹದಿನೆಂಟಕ್ಕೆ.

ಸಾರ್ ಕರೆಸಿದರು. ದನಿ ಮೆತ್ತಗಿತ್ತು. "ಪಾರವ್ವ ತುಂಬಾ ಹೆದರಿದಾಳೆ. ನೀವು ಈಗಷ್ಟೇ ಟ್ರೇನಿಂಗ್ ಮುಗಿಸ್ಕೊಂಡ್ ಬಂದಿದೀರಿ. ಸ್ವಲ್ಪ ಟ್ರೇನ್ ಮಾಡಿ ಅವ್ಳನ್ನ. ಏನ್ ಕೇಳ್ತಾರೆ, ಏನ್ ಹೇಳ್ಬೇಕು ಅಂತ. ಗಾಬರೀಲಿ ಏನಾದ್ರೂ ಅಂದ್ಬಿಟ್ರೆ ಸೆಂಟರ್ ಮುಚ್ಚುತ್ತೆ. ಅವ್ಳ ಕೆಲ್ಸಾನೂ ಹೋಗುತ್ತೆ, ನಿಮ್ದೂ."

"ಸರಿ ಸಾರ್" ಅಂದೆ.

28-7-2008

ಊಟದ ಹೊತ್ತು ಪಾರವ್ವನನ್ನು ಸ್ಟೋರ್ ರೂಮಿಗೆ ಕರೆದೆ. ದುರ್ಗವ್ವ ಹೆಬ್ಬೆಟ್ಟು ಒತ್ತಿದ ದಿನ ಕೋಣೆಯಲ್ಲಿದ್ದೆಯಾ ಅಂದೆ. ಇಲ್ಲ. ಎಂದೂ ಇದ್ದದ್ದಿಲ್ಲ.

ಆಮೇಲೆ ತಾನಾಗಿಯೇ ಹೇಳಿದಳು. ಯೋಚನೆ ಮಾಡಿ ಅಂತ ಕಾಗದ ಕೈಗೆ ಕೊಟ್ಟು ದುರ್ಗವ್ವನನ್ನು ಹೊರಗೆ ಕೂರಿಸಿದ್ದರಂತೆ. ಪಾರವ್ವ ಗುಡಿಸುತ್ತಿದ್ದಳು. ತನ್ನ ಕಡೆಯ ಮಾತು ಅಂತ ಗುರುತು ಹಿಡಿದು ದುರ್ಗವ್ವ ಕೇಳಿದರಂತೆ — "ಬ್ಯಾಡ ಅಂದ್ರ ನಡೀತೈತೇನ ಯಕ್ಕಾ?"

"ನೀನೇನಂದೆ?"

"ನನಗೇನ ಗೊತ್ರಿ? ಡಾಕ್ಟರನ್ನ ಕೇಳ ಅಂದೆರಿ. ಅಷ್ಟರಾಗ ಒಳಗ ಕರದ್ರು. ಕೇಳಿದ್ಲೋ ಇಲ್ಲೋ..."

ಒಪ್ಪಿಗೆ ಕಾಗದದ ಮೊದಲ ಪುಟದಲ್ಲೇ ಅಚ್ಚಾಗಿದೆ: ಬೇಡ ಅನ್ನಬಹುದು, ಚಿಕಿತ್ಸೆಗೆ ತೊಂದರೆ ಇಲ್ಲ. ಆ ಕಾಗದ ದುರ್ಗವ್ವನ ಮಡಿಲಲ್ಲೇ ಇತ್ತು.

ಏಳುವಾಗ ಪಾರವ್ವ ಸೆರಗು ಹಿಡಿದು ನಿಲ್ಲಿಸಿದಳು. "ಅಕ್ಕಾರ, ಆಕಿ ಇನ್ನೂ ಬೆಂಚಿನ ಮ್ಯಾಲ ಕುಂತಾಳ್ರಿ. ನಾ ಕಸಾ ಹೊಡದ್ರ ಕಾಲು ಎತ್ತತಾಳ."

ಗದರಿದೆ. ಹಾಗೆಲ್ಲ ಮಾತಾಡಬೇಡ ಅಂದೆ. ಮೆಟ್ಟಿಲಿಳಿಯುವಾಗ ಬೆಂಚಿನ ಕಡೆ ನೋಡಲಿಲ್ಲ.

6-8-2008

ದಿನವೂ ಪಾಠ. ಚನ್ನವೀರಪ್ಪನವರ ನಾಟಕವನ್ನೇ ಆಡಿಸುತ್ತಿದ್ದೇನೆ. ನಾನು ವಿಚಾರಣೆಯವಳು, ಅವಳು ಅವಳೇ.

"ಕೋಣೆ ಒಳಗಿದ್ರಾ?"

"ಇದ್ದೆರಿ."

"ಎಲ್ಲ ಓದಿ ಹೇಳಿದ್ರಾ?"

"ಹೇಳಿದ್ರಿ. ಕನ್ನಡದಾಗ."

ಮೊದಲೆರಡು ದಿನ ತೊದಲುತ್ತಿದ್ದಳು. ಇವತ್ತು ಎಲ್ಲೂ ತಡೆಯಲಿಲ್ಲ. ಶಭಾಷ್ ಅಂದುಬಿಟ್ಟೆ. ಪಾರವ್ವ ನಕ್ಕಳು, ಪಾಪ.

15-8-2008

ವರಮಹಾಲಕ್ಷ್ಮಿ. ರಜೆ ಬೇರೆ. ಯಜಮಾನರು ಬೆಳಿಗ್ಗೆಯೇ ಹೋಗಿ ಹೂ ತಂದರು. ಕರೆದಿದ್ದ ಮುತ್ತೈದೆಯರೆಲ್ಲ ಬಂದು ಹೋದರು. ತಟ್ಟೆಯಲ್ಲಿ ಒಂದು ತಾಂಬೂಲ ಉಳಿಯಿತು. ಲೆಕ್ಕ ಹಾಕಿಯೇ ಜೋಡಿಸಿದ್ದೆ.

"ಯಾರಿಗೇ ಇದು?" ಅಂದರು ಇವರು.

ಗೊತ್ತಿಲ್ಲ ಅಂದೆ. ಗೊತ್ತಿತ್ತು. ಮುತ್ತೈದೆಯಾಗಿಯೇ ಹೋದವರು ಅಂತ ಯೋಚನೆ ಬಂತು... ಎಲೆ ಅಡಿಕೆ ಹಸುವಿಗೆ ಹಾಕಿ ಬಂದೆ.

18-8-2008

ಮುಗಿಯಿತು. ನಾನು ಮೂಲೆಯಲ್ಲಿ ಕೂತು ಮಿನಿಟ್ಸ್ ಬರೆದೆ. ಬಾಳೇಶನನ್ನೂ ಕೂರಿಸಿದ್ದರು, ಬಾಗಿಲ ಹತ್ತಿರದ ಕುರ್ಚಿಯಲ್ಲಿ.

ಪಾರವ್ವ ಹಸಿರು ಸೀರೆ ಉಟ್ಟು ಬಂದಿದ್ದಳು. ಕೇಳಿದ್ದಕ್ಕೆಲ್ಲ ಸರಾಗ ಉತ್ತರ. ಇದ್ದೆರಿ, ಹೇಳಿದ್ರಿ, ಕೇಳಿಸ್ಕೊಂಡ್ಲರಿ. ಆಮೇಲೆ ನಾನು ಕಲಿಸದ ಒಂದು ಮಾತು ಸೇರಿಸಿದಳು. "ಬ್ಯಾಡ ಅಂದ್ರೂ ನಡೀತೈತಿ ಅಂತ ಡಾಕ್ಟರು ಹೇಳಿದ್ರಿ. ಇಲ್ಲರಿ, ನಾ ತಗೋತೀನಿ ಅಂದ್ಲರಿ ಆಕಿ."

ಪೆನ್ನು ನಿಂತಿತು. ಸಾರ್ ನನ್ನ ಕಡೆ ನೋಡಿದರು. ಬರೆದುಕೊಂಡೆ.

ಬಾಳೇಶ ಎದ್ದು ನಿಂತ. ಜಗಳ ಮಾಡುತ್ತಾನೆ ಅಂದುಕೊಂಡೆವು. ಇಲ್ಲ. "ಹಂಗಾರ ಆಕೀಗೆ ಗೊತ್ತಿತ್ತು" ಅಂದ. "ಗೊತ್ತಿದ್ದೂ ನನಗೊಂದ ಮಾತ ಹೇಳ್ಲಿಲ್ಲ." ಕೈ ಮುಗಿದು ಹೋದ. ಹೆಂಡತಿ ಹೋದಳು ಅನ್ನುವುದಕ್ಕಿಂತ ಹೆಚ್ಚಿನದೇನನ್ನೋ ಅವನಿಂದ ಕಿತ್ತುಕೊಂಡೆವು. ನನಗೆ ಅಳು ಬಂತು, ಟಾಯ್ಲೆಟ್ಟಿಗೆ ಹೋಗಿ ಅತ್ತೆ.

ಹೊರಗೆ ಬಂದರೆ ಪಾರವ್ವ ಕಾಯುತ್ತಿದ್ದಳು. "ನೀವು ಕಲಿಸಿದ್ದೆಲ್ಲಾ ಒಪ್ಪಿಸೀನ್ರಿ ಅಕ್ಕಾರ. ಆಕಿ ಕೇಳಿದ್ದಕ್ಕೂ ಉತ್ತರ ಹೇಳೀನಿ. ಇನ್ನ ನನ್ನ ಬಿಡತಾಳಲ್ರಿ?"

20-8-2008

ಪಾರವ್ವ ಬಂದಿಲ್ಲ. ಊರಿಗೆ ಹೋದಳಂತೆ.

1-9-2008

ಎರಡನೇ ಮಹಡಿ ಗುಡಿಸಲು ಇನ್ನೂ ಯಾರೂ ಬಂದಿಲ್ಲ. ಧೂಳು. ಕಾಲಿಟ್ಟರೆ ಗುರುತು ಬೀಳುತ್ತದೆ. ಬೆಳಿಗ್ಗೆ ತಡೆಯಲಾರದೆ ನಾನೇ ಪೊರಕೆ ಹಿಡಿದೆ. ಬೆಂಚಿನ ಕೆಳಗೆ ಗುಡಿಸುವಾಗ, ಯಾಕೋ, "ಸ್ವಲ್ಪ ಕಾಲು" ಅಂದೆ.

ಅಂದ ಮೇಲೆ ತಲೆ ಎತ್ತಿದೆ.

ಹೊಳೆಯುವ ಕೆಂಪು ಗಾಜಿನ ಬಳೆ. ಮಡಿಲಲ್ಲಿ ಕಾಗದ. ಮುಖ ನೋಡಲಿಲ್ಲ. ಕಾಲು ಮಾತ್ರ ಎತ್ತಿಕೊಂಡಿದ್ದರು, ಎರಡೂ, ಜೋಡಿಸಿ.

2-9-2008

ಏನೂ ಇರಲಿಲ್ಲ. ಬಿ.ಪಿ. ಇರಬೇಕು. ನಾಳೆ ಗಣೇಶನ ಹಬ್ಬ, ಕಡುಬಿಗೆ ತೆಂಗಿನಕಾಯಿ ತರಬೇಕು.

9-9-2008, ಮಂಗಳವಾರ, ಸಂಜೆ

ಹೊಸ ಸ್ಟಡಿ ಶುರು. ಮಧ್ಯಾಹ್ನ ಸಾರ್ ಬಾಗಿಲಿಂದ ಕೂಗಿದರು. "ಮೇಡಂ, ಬಂದು ಒಂದು ಸೈನ್ ಹಾಕಿ. ಪಾರವ್ವ ಇಲ್ವಲ್ಲ."

ಹೋದೆ. ಕೋಣೆಯಲ್ಲಿ ನೀಲಮ್ಮ ಅಂತ, ಸುಂಕದಕಟ್ಟೆಯವರು, ಗಾರ್ಮೆಂಟ್ಸ್ ಕೆಲಸ. ಹೆಬ್ಬೆರಳಿಗೆ ಆಗಲೇ ಶಾಯಿ ಹತ್ತಿತ್ತು. ನನ್ನ ಮುಖ ನೋಡಿದರು. ಮಾತೂ ಅದೇ ಕಡೆಯದು. "ಮೇಡಂ, ಬ್ಯಾಡ ಅಂದ್ರ ನಡೀತೈತೇನ್ರಿ?"

ಸಾರ್ ಕಾಗದದ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ನನ್ನ ಬಾಯಲ್ಲಿ 'ಸರಿ ಸಾರ್' ರೆಡಿ ಇತ್ತು. ನಾಲಿಗೆಯ ಮೇಲೆ ಅದರ ರುಚಿ ಗೊತ್ತಾಯಿತು.

"ನಡೆಯುತ್ತೆ ನೀಲಮ್ಮ. ಬೇಡ ಅಂದ್ರೂ ನಿಮ್ಗೆ ಇಲ್ಲೇ ಔಷಧಿ ಕೊಡ್ತಾರೆ. ಕೊಡ್ಲೇಬೇಕು."

"ಹಂಗಾರ ಬ್ಯಾಡ್ರಿ" ಅಂದರು. ಎಷ್ಟು ಸುಲಭವಾಗಿ ಅಂದರು! ಬೆರಳನ್ನು ಹತ್ತಿಯಲ್ಲಿ ಒರೆಸಿಕೊಂಡು ಎದ್ದುಹೋದರು.

ಸಾರ್ ಏನೂ ಬೈಯಲಿಲ್ಲ. "ನಾಳೆ ನಮ್ಮ ಸೆಂಟರಿನ ಕಮಿಟಿ ಮೀಟಿಂಗ್ ಇದೆ. ಹದಿನೆಂಟರ ವಿಚಾರಣೆ ಮಿನಿಟ್ಸ್ ನೀವೇ ಓದ್ಬೇಕು, ನೆನಪಿರ್ಲಿ" ಅಂದರು. ಅಷ್ಟೇ. ಸಾಕಾಗುವಷ್ಟು ಅರ್ಥವಾಯಿತು.

ಹಗುರವಾಗಿ ಹೊರಗೆ ಬಂದೆ. ಬೆಂಚು ಖಾಲಿ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಈ ಸಲ ಮುಖ ನೋಡಿದೆ. ಕೋಪವಿಲ್ಲ. ಯಾರೋ ಹೇಳುತ್ತಾರೆ ಅಂತ ಕಾಯುವ ಮುಖ. ನೀಲಮ್ಮನಿಗೆ ಕೊಟ್ಟ ಉತ್ತರ ನೀಲಮ್ಮನದು. ಇವರದು ಇನ್ನೂ ಬಾಕಿ.

ಈಗ ಮನೆ. ಇವರು ಟಿವಿ ನೋಡುತ್ತಿದ್ದಾರೆ. ನಾಳೆ ಓದಿದ ಮೇಲೆ "ತಿದ್ದುಪಡಿ ಏನಾದ್ರೂ ಇದೆಯಾ?" ಅಂತ ಕೇಳುತ್ತಾರೆ. ಯಾರೂ ಯಾವತ್ತೂ ಇದೆ ಅಂದದ್ದಿಲ್ಲ. ಪಾರವ್ವನಿಗೆ ಸುಳ್ಳು ಕಲಿಸಿದವಳು ನಾನು — ಅದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಎಲ್ಲ ಅವಳ ತಲೆಗೆ ಕಟ್ಟುತ್ತಾರೆ. ಮೀಟಿಂಗ್ ಮುಗಿದ ಮೇಲೆ ಹೆಗ್ಗನಹಳ್ಳಿಗೆ, ಬಾಳೇಶನ ಮನೆಗೆ ಹೋಗಬೇಕು. ನಿನ್ನ ಹೆಂಡತಿ ನಿನ್ನಿಂದ ಏನೂ ಮುಚ್ಚಿಡಲಿಲ್ಲಪ್ಪ, ಅವಳಿಗೇ ಗೊತ್ತಿರಲಿಲ್ಲ ಅನ್ನಬೇಕು.

ಬಾಯಿ ಕೈಕೊಡುತ್ತದೆ. ನನಗೆ ಗೊತ್ತು. ಅದಕ್ಕೇ ಬರೆದಿಟ್ಟುಕೊಳ್ಳುತ್ತಿದ್ದೇನೆ, ನೋಡಿ ಓದುವುದಕ್ಕೆ.

ತಿದ್ದುಪಡಿ ಇದೆ ಸಾರ್. ಒಳಗೆ ಹೋಗುವ ಮುಂಚೆ ದುರ್ಗವ್ವ ಬೆಂಚಿನ ಮೇಲೆ ಕೂತು ಕೇಳಿದ್ದರು —